ಒಂದೇ ಕುರ್ಚಿಯ ಊರು

ನವೆಂಬರ್ 3, ಸೋಮವಾರ

ಮದುವೆಯಾಗಿ ಇಪ್ಪತ್ತೆರಡು ದಿನ. ನನ್ನ ಗೆಳತಿಯರೆಲ್ಲ ಹನಿಮೂನಿಗೆ ಸಮುದ್ರ ನೋಡಲು ಹೋದರು. ನಾನು ನಿವೃತ್ತ ಮೇಷ್ಟ್ರೊಬ್ಬರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ವ್ಯಾನಿನಲ್ಲಿ ಹೊರಟಿದ್ದೇನೆ. ಹತ್ತೊಂಬತ್ತು ದಿನ, ಇಪ್ಪತ್ತು ಊರು, ದೇಶದ ಈ ತುದಿಯಿಂದ ಆ ತುದಿ. ಇದಕ್ಕಿಂತ ಒಳ್ಳೆಯ ಹನಿಮೂನ್ ಯಾರಿಗೆ ಸಿಕ್ಕೀತು? ಹಿಂದಿನ ಸೀಟಿನಲ್ಲಿ ಇವನ ಭುಜಕ್ಕೆ ಒರಗಿ ನಿದ್ದೆ ಮಾಡಿದರೆ ರಸ್ತೆಯ ಗುಂಡಿಗಳೂ ಜೋಕಾಲಿ.

(ಅತ್ತೆಯ ಮುಂದೆ 'ಇವರು', ವ್ಯಾನಿನಲ್ಲಿ 'ಇವನು'. ಡೈರಿ ವ್ಯಾನಿನ ಲೆಕ್ಕಕ್ಕೆ.)

ಡೈರಿ ಬರೆಯಲು ಹೇಳಿದ್ದು ಮೇಷ್ಟ್ರು. "ಇಂಗ್ಲಿಷ್ ಮೀಡಿಯಮ್ಮಿನ ಮಗು ನೀನು. ಜನರ ಮನೆಗೆ ಹೋಗ್ತಿದೀಯ, ಜನರ ಭಾಷೆ ಕೈಗೆ ಹತ್ತಲಿ. ದಿನಾ ಒಂದು ಪುಟ ಬರಿ, ನಾನು ತಿದ್ದಲ್ಲ," ಎಂದರು. ತಿದ್ದುವುದಿಲ್ಲ ಎಂದ ಮೇಲೆ ಧೈರ್ಯ ಬಂತು.

ಕೆಲಸ ಇಷ್ಟೇ. ತಿಂಗಳ ಕೊನೆಗೆ ಪಕ್ಷದ ಅಧ್ಯಕ್ಷರ ಆಯ್ಕೆ. ಹನ್ನೆರಡು ವರ್ಷದಿಂದ ಕುರ್ಚಿ ಬಿಡದ 'ದೊಡ್ಡವರು' ಒಂದು ಕಡೆ, ನಮ್ಮ 'ನರ್ಸಕ್ಕ' ಒಂದು ಕಡೆ. ಆಕೆ ನಿಜವಾಗಿ ನರ್ಸ್ ಆಗಿದ್ದವಳು. ಊರಿನ ಪಕ್ಷದ ಸದಸ್ಯರು ಆರಿಸಿ ಕಳಿಸುವ ಒಬ್ಬೊಬ್ಬ ಪ್ರತಿನಿಧಿಗೆ ಒಂದೊಂದು ಮತ. ಇಪ್ಪತ್ತರಲ್ಲಿ ಹನ್ನೊಂದು ಊರು ನಮ್ಮ ಕಡೆ ಆದರೆ ನರ್ಸಕ್ಕ ಗೆದ್ದಳು. ಇವನು ಆಕೆಗಾಗಿ ಮೂರು ವರ್ಷ ದುಡಿದಿದ್ದಾನೆ. ಸೋತರೆ ಮತ್ತೆ ಎಲ್ಲಿ ಎದ್ದು ನಿಲ್ಲುತ್ತಾನೋ ಗೊತ್ತಿಲ್ಲ, ಆದರೆ ಸೋಲುವುದಿಲ್ಲ.

ಮೇಷ್ಟ್ರ ಪದ್ಧತಿ ನನಗೆ ಹುಚ್ಚು ಹಿಡಿಸಿದೆ. ಸಭಾಂಗಣ ಇಲ್ಲ, ಮೈಕ್ ಇಲ್ಲ. ಊರಲ್ಲಿ ಒಂದು ಮನೆ, ಆ ಮನೆಯವರು ಹತ್ತು ಮನೆಗೆ ಹೇಳುತ್ತಾರೆ. ಬರುವವರು ತಮ್ಮ ಕುರ್ಚಿ ತಾವೇ ಹೊತ್ತು ತರಬೇಕು. "ಹಾಡಹಗಲಲ್ಲಿ, ಅಕ್ಕಪಕ್ಕದವರು ನೋಡ್ತಿರುವಾಗ ಕುರ್ಚಿ ಹೊತ್ಕೊಂಡು ಬೀದಿ ದಾಟಿದನಲ್ಲ, ಅವನು ಆಗಲೇ ಅರ್ಧ ಮತ ಹಾಕಿದ ಹಾಗೆ," ಎನ್ನುತ್ತಾರೆ ಮೇಷ್ಟ್ರು. ಆದ್ದರಿಂದ ನಾವು ತಲೆ ಎಣಿಸುವುದಿಲ್ಲ, ಕುರ್ಚಿ ಎಣಿಸುತ್ತೇವೆ. ಎಣಿಸುವವಳು ನಾನು. ಮುಂದಿನ ಊರು ಯಾವುದು, ಯಾರ ಮನೆ ಎಂದು ಮೇಷ್ಟ್ರು ಒಂದೆರಡು ದಿನ ಮೊದಲು ಸಂಜೆ ಆರಕ್ಕೆ ಹೇಳುತ್ತಾರೆ, ಅದು ವ್ಯಾನಿನ ನಮ್ಮ ನಾಲ್ವರಲ್ಲೇ ಇರಬೇಕು. ನಾಲ್ಕನೆಯವರು ಡ್ರೈವರ್. ಎಷ್ಟೇ ಅಡ್ಡ ಬಂದರೂ ಹಾರ್ನ್ ಹೊಡೆಯದ ಮನುಷ್ಯ, ಅದಕ್ಕೇ ಎಲ್ಲರೂ ಅವರನ್ನು 'ಹಾರ್ನಣ್ಣ' ಎನ್ನುವುದು. ನನ್ನನ್ನು 'ತಂಗೀ' ಎಂದು ಕರೆಯುತ್ತಾರೆ.

ಆರೂವರೆಗೆ ಅತ್ತೆಗೆ ಫೋನ್. ಹಾಸ್ಟೆಲಿನಲ್ಲಿ ಬೆಳೆದವಳು ನಾನು. "ಊಟ ಆಯ್ತಾ ಮಗಳೇ" ಎಂದು ದಿನಾ ಕೇಳುವವರೊಬ್ಬರು ಇದ್ದಾರೆ ಎಂಬುದೇ ನನಗೆ ಹೊಸದು. ಎಲ್ಲ ಹೇಳಿದೆ, ಕಿಟಕಿಯಲ್ಲಿ ಕಂಡ ಬಾತುಕೋಳಿಗಳನ್ನೂ ಬಿಡದೆ. ನನಗಾಗಿ ಸ್ವೆಟರ್ ಹಾಕಲು ಶುರು ಮಾಡಿದ್ದಾರಂತೆ. ಬಣ್ಣ ಹೇಳಲಿಲ್ಲ.

ನವೆಂಬರ್ 4, ಮಂಗಳವಾರ

ನಲವತ್ತೊಂದು ಕುರ್ಚಿ! ಊರುಗಳ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ, ನಾನೇ ಅಡ್ಡಹೆಸರು ಇಡುತ್ತೇನೆ. ಇದು ಗಡಿಯಾರದ ಊರು, ಗೋಪುರದ ಗಡಿಯಾರ ಮೂರೂಕಾಲಿಗೆ ನಿಂತುಬಿಟ್ಟಿದೆ. ಒಬ್ಬ ಅಜ್ಜ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಚಕ್ರದ ಕುರ್ಚಿ ತಂದು ಅದರ ಮೇಲೇ ಕೂತು ಉರುಳಿಕೊಂಡು ಬಂದ. ಮೇಷ್ಟ್ರು, "ಇದು ಅರ್ಧ ಮತ ಅಲ್ಲ, ಪೂರ್ತಿ," ಎಂದರು. ಇವನು ಮಾತಾಡುವಾಗ ಎಡಗೈಯಿಂದ ಕಿವಿ ಹಿಡಿದುಕೊಳ್ಳುತ್ತಾನೆ. ಅವನಿಗೇ ಗೊತ್ತಿಲ್ಲ. ನಾನು ಹೇಳುವುದೂ ಇಲ್ಲ, ಅದು ನನ್ನದು.

ಅತ್ತೆಗೆ ಎಲ್ಲ ವರದಿ ಒಪ್ಪಿಸಿದೆ. ನಾಡಿದ್ದು ಕೆಂಪು ಹೆಂಚಿನ ಊರು, ಸೈಕಲ್ ರಿಪೇರಿಯವರ ಮನೆ, ಅವರ ಹೆಂಡತಿ ಇಡೀ ಓಣಿಗೆ ಅಕ್ಕ ಇದ್ದ ಹಾಗಂತೆ, ಎಂದೆ. ಅತ್ತೆಗೂ ಬೇಸರವಿಲ್ಲ. "ಅಳಿಯಂದ್ರು ದಿನಾ ಸಂಜೆ ಬಂದು ಕೂತ್ಕೊಂಡು ಹೋಗ್ತಾರೆ ಮಗಳೇ. ಮೊದಲು ವರ್ಷಕ್ಕೆರಡು ಸಲ ಬಂದ್ರೆ ಹೆಚ್ಚು. ಒಬ್ಬಳೇ ಇದೀನಿ ಅಂತ ಈಗ ಎಷ್ಟು ಕಾಳಜಿ ನೋಡು." ಅಂದರೆ ಇವನ ಅಕ್ಕನ ಗಂಡ, ಪ್ರಿಂಟಿಂಗ್ ಪ್ರೆಸ್ ಭಾವ. ನಮ್ಮ ಮದುವೆಯ ಪತ್ರಿಕೆ ಪುಕ್ಕಟೆ ಅಚ್ಚು ಹಾಕಿಸಿಕೊಟ್ಟವರು. ಎಂಥ ಒಳ್ಳೆಯ ಮನೆಗೆ ಬಂದಿದ್ದೇನೆ.

ನವೆಂಬರ್ 6, ಗುರುವಾರ

ಆರು ಕುರ್ಚಿ. ಅದರಲ್ಲಿ ಎರಡು ಆ ಮನೆಯವೇ.

ಸೈಕಲ್ ರಿಪೇರಿಯವರು ಬಾಗಿಲಲ್ಲೇ ಕೈ ಒರೆಸುತ್ತ ನಿಂತರು. ಒರೆಸಲು ಕೈಯಲ್ಲಿ ಎಣ್ಣೆಯೇನೂ ಇರಲಿಲ್ಲ. ನಿನ್ನೆ ಮಧ್ಯಾಹ್ನ ಒಂದು ಬೂದು ಕಾರು ಬಂದಿತ್ತಂತೆ. ಇಳಿದ ಇಬ್ಬರೂ ತುಂಬಾ ಮರ್ಯಾದಸ್ಥರು. ಅಂಗಡಿಯ ಲೈಸೆನ್ಸು ಎಷ್ಟು ವರ್ಷಕ್ಕಿದೆ ಎಂದು ಕೇಳಿ, ಒಂದು ಲೋಟ ನೀರು ಕುಡಿದು, "ನಾಳೆ ನಿಮ್ಮ ಮನೇಲಿ ಕುರ್ಚಿ ಜಾಸ್ತಿ ಆಗ್ತಾವಂತೆ," ಎಂದು ನಕ್ಕು ಹೋದರಂತೆ.

"ಕುರ್ಚಿ ವಿಷಯ ಅವರಿಗೆ ಹೇಗೆ ಗೊತ್ತಾಯ್ತು?" ಎಂದ ಇವನು.

ಮೇಷ್ಟ್ರು ವ್ಯಾನಿನಲ್ಲಿ ನಮ್ಮ ಮೂವರನ್ನೂ ಒಂದು ಸುತ್ತು ನೋಡಿದರು, ಹಾಜರಿ ಕೂಗುವವರ ಹಾಗೆ.

ಫೋನಿನಲ್ಲಿ ಅತ್ತೆಯ ಮುಂದೆ ಅತ್ತೇಬಿಟ್ಟೆ. "ಒಂದೂರು ಹೋದ್ರೆ ಹೋಗ್ಲಿ, ಮುಂದಿನ ಊರಲ್ಲಿ ಒಳ್ಳೇದಾಗತ್ತೆ. ಎಲ್ಲಿ, ಯಾರ ಮನೆ?" ಎಂದು ಸಮಾಧಾನ ಮಾಡಿದರು. ಹೇಳಿ ಹಗುರಾದೆ.

ನವೆಂಬರ್ 8, ಶನಿವಾರ

ಗಾಜಿನ ಕಾರ್ಖಾನೆಯ ಊರು. ಪೋಸ್ಟ್‌ಮ್ಯಾನ್ ಆಗಿದ್ದವರ ಮನೆ. ಬೀಗ. ತಂಗಿಯ ಊರಿಗೆ ಹೋದರೆಂದು ಪಕ್ಕದ ಮನೆಯವರು ಹೇಳಿದರು, ನಮ್ಮ ಮುಖ ನೋಡದೆ. ರಸ್ತೆಯ ಧೂಳಿನಲ್ಲಿ ಅಗಲ ಟಯರಿನ ಗುರುತು.

ಮೇಷ್ಟ್ರು ವ್ಯಾನಿನ ಬಾಗಿಲು ಎಳೆದುಕೊಂಡು, "ನಮ್ಮ ನಾಲ್ವರಲ್ಲಿ ಒಬ್ಬರ ಬಾಯಿ ಸೋರ್ತಿದೆ. ಯಾರು ಅಂತ ನಾನು ಕೇಳಲ್ಲ. ಸೋರೋದು ನಿಲ್ಲಬೇಕು, ಅಷ್ಟೇ," ಎಂದರು.

ನಾನು ಇವನ ಕೈ ಹಿಡಿದೆ. ನಾವಿಬ್ಬರಂತೂ ಅಲ್ಲ. ಮೇಷ್ಟ್ರು ಪದ್ಧತಿ ಹುಟ್ಟಿಸಿದವರು, ಅವರು ತಮ್ಮ ಕೂಸನ್ನು ತಾವೇ ಕೊಲ್ಲುವುದಿಲ್ಲ. ಉಳಿದವರು ಒಬ್ಬರು. ಹಾರ್ನಣ್ಣ ಪ್ರತಿ ಸಲ ವ್ಯಾನ್ ನಿಂತ ಕೂಡಲೇ ಹಿಂದಕ್ಕೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಫೋನಿನಲ್ಲಿ ಮಾತಾಡುತ್ತಾರೆ. ಹಾರ್ನ್ ಹೊಡೆಯದವರು. ಸದ್ದಿಲ್ಲದ ಮನುಷ್ಯ.

ನವೆಂಬರ್ 10, ಸೋಮವಾರ

ಮನಸ್ಸು ಸ್ವಲ್ಪ ತಿಳಿಯಾಯಿತು. ಮೊನ್ನೆ ಸಂಜೆಯೇ ಬಂದಿಳಿದ ಕಲ್ಲುಗಣಿಯ ಊರಿನಲ್ಲಿ ಸಿಗ್ನಲ್ಲೇ ಇರಲಿಲ್ಲ. ಅತ್ತೆಯ ಜೊತೆ ಎರಡು ದಿನ ಮಾತಿಲ್ಲದೆ ಏನೋ ಕಳೆದುಕೊಂಡ ಹಾಗಿತ್ತು. ಆದರೆ ಅಲ್ಲಿ ಮೂವತ್ತೊಂದು ಕುರ್ಚಿ, ಇವತ್ತು ಬೆಳಿಗ್ಗೆ ಆಚೆ ಗುಡ್ಡದ ಊರಿನಲ್ಲಿ ಇಪ್ಪತ್ತೆಂಟು. ಬೂದು ಕಾರಿನ ಸುಳಿವಿಲ್ಲ. ಹಾರ್ನಣ್ಣನ ಫೋನಿಗೂ ಸಿಗ್ನಲ್ ಇರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ.

ಈಗ ಸೇತುವೆಯ ಊರು. ಇವತ್ತು ಇಲ್ಲಿ ಉಳಿಯುವುದಷ್ಟೇ, ಪಕ್ಕದ ಊರು ಮುಗಿಸಿಕೊಂಡು ಬುಧವಾರ ಬಂದು ಇಲ್ಲಿ ಸಭೆ. ಮನೆ ಒಬ್ಬ ಟೈಲರಮ್ಮನದು. ಮುಂದುಗಡೆ ಅಂಗಡಿ, ಹಿಂದುಗಡೆ ಎರಡು ಕೋಣೆ. ಹೊಲಿಗೆ ಯಂತ್ರ ಓಡಿಸುತ್ತಲೇ ಊರಿನ ಅರವತ್ತು ಹೆಂಗಸರ ಎದೆ ಸೊಂಟದ ಅಳತೆಯನ್ನೂ ಅವರ ಗಂಡಂದಿರ ಯೋಗ್ಯತೆಯನ್ನೂ ಒಟ್ಟಿಗೆ ಹೇಳುತ್ತಾಳೆ. "ಬುಧವಾರ ಐವತ್ತು ಕುರ್ಚಿ ಬರಲಿಲ್ಲ ಅಂದ್ರೆ ಈ ಕತ್ತರಿ ನಿನ್ನದು," ಎಂದಳು. ಅತ್ತೆ ಸ್ವೆಟರಿಗೆ ತೋಳಿನ ಅಳತೆ ಕೇಳಿದ್ದರು. ಟೈಲರಮ್ಮನೇ ಟೇಪು ಹಿಡಿದು, "ಇಪ್ಪತ್ತೆರಡೂವರೆ ಇಂಚು ಅಂತ ಹೇಳು ನಿಮ್ಮತ್ತೆಗೆ. ಸೊಸೆ ತೋಳಿನ ಅಳತೆ ಕೇಳೋ ಅತ್ತೇನ ಮೊದಲ ಸಲ ನೋಡ್ತಿದೀನಿ. ಎಲ್ಲರೂ ಬಾಯಿ ಅಳತೇನೇ ನೋಡೋದು," ಎಂದಳು. ಎಲ್ಲರೂ ನಕ್ಕರು.

ಇದನ್ನೂ ಅತ್ತೆಗೆ ಹೇಳಿದೆ. ಅವರೂ ಬಿದ್ದು ಬಿದ್ದು ನಕ್ಕರು.

ನವೆಂಬರ್ 11, ಮಂಗಳವಾರ

ಹಿಡಿದೆ.

ಪಕ್ಕದ ಊರಿನಲ್ಲಿ ಹತ್ತೇ ಕುರ್ಚಿ. ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ನಾನು ಇಳಿಯಲಿಲ್ಲ. ಹಿಂದಿನ ಗಾಜನ್ನು ಎರಡು ಬೆರಳಷ್ಟು ಇಳಿಸಿ ಕೂತೆ. ಹಾರ್ನಣ್ಣ ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು: "ನಾಳೆ ಏಳಕ್ಕೆ ಬಿಡ್ತೀವಿ. ಸೇತುವೆ ದಾಟಿ ಎಡಕ್ಕೆ. ಹೂಂ, ಟೈಲರ್ ಅಂಗಡಿ ಎದುರಿಗೇ ನಿಲ್ಸೋದು."

ಕೂಡಲೇ ಇಳಿದು ಇವನಿಗೆ ಹೇಳಿದೆ, ಇವನು ಮೇಷ್ಟ್ರಿಗೆ ಹೇಳಿದ. ಮೇಷ್ಟ್ರು ಬೇಡ ಬೇಡವೆಂದರೂ ನಾನು ಕೇಳಿಯೇಬಿಟ್ಟೆ: "ಯಾರಿಗೆ ಹೇಳ್ತಿದ್ರಿ ಹಾರ್ನಣ್ಣ?"

ಅವರು ಜಗಳವಾಡಲಿಲ್ಲ. ಫೋನ್ ತೆಗೆದು, ಅದೇ ನಂಬರಿಗೆ ಒತ್ತಿ, ಸ್ಪೀಕರಿಗೆ ಹಾಕಿ ವ್ಯಾನಿನ ಬಾನೆಟ್ ಮೇಲೆ ಇಟ್ಟರು. ಒಬ್ಬ ಮುದುಕರ ಧ್ವನಿ ಬಂತು. "ಏನಪ್ಪಾ, ಪುನಃ? ಸೇತುವೆ ಹತ್ರ ಆಲದ ಮರ ಇನ್ನೂ ಇದೆಯಾ ನೋಡು ಅಂದಿದ್ನಲ್ಲ, ನೋಡಿದ್ಯಾ?"

ಅವರ ಅಪ್ಪ. ಮೂವತ್ತೈದು ವರ್ಷ ಇದೇ ದಾರಿಯಲ್ಲಿ ಲಾರಿ ಓಡಿಸಿದವರು. ಈಗ ಎರಡು ಕಣ್ಣೂ ಕಾಣುವುದಿಲ್ಲ. ಮಗ ನಿಂತಲ್ಲೆಲ್ಲ ಫೋನ್ ಮಾಡಿ ದಾರಿ ಹೇಳುತ್ತಾನೆ, ಅಪ್ಪ ಮಂಚದ ಮೇಲೆ ಕೂತು ಜೊತೆಗೆ ಓಡಿಸುತ್ತಾರೆ.

"ಇದೆ ಅಪ್ಪಾ, ಮರ ಇದೆ," ಎಂದು ಹಾರ್ನಣ್ಣ ಫೋನ್ ಇಟ್ಟರು. ಬೀಗದ ಕೈಯನ್ನು ಬಾನೆಟ್ ಮೇಲಿಟ್ಟರು. "ಮೇಡಂ, ನಾಳೆಯಿಂದ ನಿಮ್ಮವರೇ ಓಡಿಸ್ಲಿ," ಎಂದರು. ಬಸ್ಸು ಹತ್ತಿ ಹೋದರು.

ಮೇಡಂ.

ಕಣ್ಣು ಕಾಣದ ಅಪ್ಪ ಎಂದ ಮಾತ್ರಕ್ಕೆ ಬಾಯಿಯೂ ಇಲ್ಲವೆಂದೇ? ಆ ಅಪ್ಪನ ಬಳಿ ಯಾರು ಬಂದು ಕೂರುತ್ತಾರೋ, ಯಾರು ಕೇಳಿಸಿಕೊಳ್ಳುತ್ತಾರೋ, ಯಾರಿಗೆ ಗೊತ್ತು.

ನವೆಂಬರ್ 12, ಬುಧವಾರ

ಟೈಲರಮ್ಮ ಬಾಗಿಲು ತೆಗೆಯಲಿಲ್ಲ. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ನಾನು ಬಾಗಿಲು ತಟ್ಟಿದೆ, ನಿಂತುಹೋಯಿತು. ಪರದೆ ಅಲ್ಲಾಡಿತು. ನಾವು ಹತ್ತು ಹೆಜ್ಜೆ ಹೋದ ಮೇಲೆ ಮತ್ತೆ ಓಡತೊಡಗಿತು.

ಏಳು ಊರಾಯಿತು, ನಮ್ಮವು ಮೂರು. ಈಗ ವ್ಯಾನ್ ಓಡಿಸುವವನು ಇವನೇ. ಒಂದೇ ಒಂದು ಸಲ, "ಮೂರು ವರ್ಷ," ಎಂದ. ಯಾರಿಗೆ ಹೇಳಿದನೋ. ನಾನು ಅತ್ತೆಗೂ ಫೋನ್ ಮಾಡಲಿಲ್ಲ.

ಮೇಷ್ಟ್ರು ಬೆಳಗಾದರೆ ಯಾರಿಗೋ ಪೋಸ್ಟ್‌ಕಾರ್ಡು ಬರೆಯುತ್ತಾರೆ. ಈ ಕಾಲದಲ್ಲಿ ಪೋಸ್ಟ್‌ಕಾರ್ಡು ಯಾಕೆ? ಇವನಿಗೆ ಹೇಳಿದೆ. "ಮೇಷ್ಟ್ರ ಮೇಲಾ?" ಎಂದು ನಕ್ಕ. ಆಮೇಲೆ ನಗು ನಿಂತಿತು, ಯೋಚಿಸತೊಡಗಿದ. ಇವನು ಸ್ನಾನಕ್ಕೆ ಹೋದಾಗ ಇವನ ಫೋನನ್ನೂ ನೋಡಿದೆ. ಸುಮ್ಮನೆ. ಯಾರದೂ ಇಲ್ಲ, ನಾನು, ಅತ್ತೆ, ನರ್ಸಕ್ಕನ ಆಫೀಸು. ಇಟ್ಟ ಜಾಗದಲ್ಲೇ, ಇಟ್ಟ ಹಾಗೇ ಇಟ್ಟೆ.

ನವೆಂಬರ್ 13, ಗುರುವಾರ

ಆರೂವರೆಗೆ ಅತ್ತೆಯೇ ಫೋನ್ ಮಾಡಿದರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

"ಪಾಪ, ಆ ಟೈಲರಮ್ಮ ಕೊನೆಗೂ ಬಾಗಿಲು ತೆಗೀಲಿಲ್ವಂತಲ್ಲ ಮಗಳೇ. ನಿಂಗೆ ಎಷ್ಟು ನೋವಾಯ್ತೋ."

"ನಿಮಗೆ ಯಾರು ಹೇಳಿದ್ರು ಅತ್ತೆ?"

"ಅಳಿಯಂದ್ರು ಅಂದ್ರು. ನಿಮ್ಮ ಸುದ್ದಿ ಅವರಿಗೆ ಬಾಯಿಪಾಠ. ನಿಮ್ಮ ಸೊಸೆ ಈಗ ಎಲ್ಲಿದಾಳೆ, ನಾಳೆ ಎಲ್ಲಿ ಅಂತ ಬಂದ ಕೂಡ್ಲೇ ಅದೇ ಕೇಳೋದು."

"ಭಾವನವರ ಪ್ರೆಸ್ಸಿನಲ್ಲಿ ಈಗ ಕೆಲಸ ಜೋರಾ ಅತ್ತೆ?"

"ಅಯ್ಯೋ, ಪುರುಸೊತ್ತೇ ಇಲ್ಲ. ಇಡೀ ದೇಶದ ಪೋಸ್ಟರು ಅಲ್ಲೇ ಅಚ್ಚಾಗೋದು. ನಿಮ್ಮ ದೊಡ್ಡವರದು."

ಊಟ ಆಯ್ತಾ ಎಂದು ಕೇಳಿದರು. ಆಯಿತು ಎಂದೆ. ಆಗಿರಲಿಲ್ಲ.

ನವೆಂಬರ್ 14, ಶುಕ್ರವಾರ

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಸೋರಿದ್ದು ನನ್ನ ಬಾಯಿ.

ಇವನಿಗೆ ಹೇಳಿದರೆ ಅಮ್ಮನಿಗೆ ಫೋನ್ ಮಾಡಿ ಕೂಗಾಡುತ್ತಾನೆ. ಅಕ್ಕನ ಸಂಸಾರಕ್ಕೆ ಬೆಂಕಿ. ಮೇಷ್ಟ್ರಿಗೆ ಹೇಳಿದರೆ ನನ್ನನ್ನು ಮುಂದಿನ ಬಸ್ಸಿಗೆ ಹತ್ತಿಸುತ್ತಾರೆ. ಫೋನ್ ನಿಲ್ಲಿಸಿದರೆ ಭಾವನಿಗೆ ಅನುಮಾನ, ಬೂದು ಕಾರು ನಮ್ಮ ಬೆನ್ನು ಹತ್ತುತ್ತದೆ. ಅಳೆದು ಸುರಿದು ಒಂದು ತೀರ್ಮಾನಕ್ಕೆ ಬಂದೆ. ಫೋನ್ ಮಾಡುತ್ತೇನೆ. ದಿನಾ, ಆರೂವರೆಗೆ. ಊರು ಮಾತ್ರ ಬೇರೆ.

ಹಾರ್ನಣ್ಣನಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. "ನೀವಲ್ಲ ಅಂತ ಗೊತ್ತಾಯ್ತು."

"ಮತ್ಯಾರು ಮೇಡಂ?"

"ಅದು ಗೊತ್ತಾಗಿಲ್ಲ," ಎಂದೆ.

"ನಮ್ಮಪ್ಪ ದಾರಿ ಅರ್ಧಕ್ಕೆ ಬಿಡ್ಬೇಡ ಅಂತಿದಾರೆ. ಅವರಿಗೋಸ್ಕರ ಬರ್ತೀನಿ," ಎಂದರು. ಮಧ್ಯಾಹ್ನ ಬಂದರು.

ನವೆಂಬರ್ 17, ಸೋಮವಾರ

ಮೂವತ್ತೆಂಟು. ನಲವತ್ತನಾಲ್ಕು. ಐವತ್ತೆರಡು. ಇವನು ಮತ್ತೆ ಕಿವಿ ಹಿಡಿದುಕೊಂಡು ಮಾತಾಡುತ್ತಿದ್ದಾನೆ.

ಸುಳ್ಳು ಹೇಳುವುದು ಇಷ್ಟು ಸುಲಭವೆಂದು ತಿಳಿದಿರಲಿಲ್ಲ. ಬರೀ ಊರಿನ ಹೆಸರು ಸಾಲದು, ಮನೆ ಕಟ್ಟಬೇಕು, ಮನೆಯೊಳಗೆ ಮನುಷ್ಯರನ್ನು ಕೂರಿಸಬೇಕು. ಮೊನ್ನೆ ಒಬ್ಬ ಕಿವುಡ ಗಡಿಯಾರ ರಿಪೇರಿಯವನನ್ನು ಕಟ್ಟಿದೆ, ನಿನ್ನೆ ಅವಳಿ ಮಕ್ಕಳ ತಾಯಿಯನ್ನು. ಅತ್ತೆ ಅವಳಿಗಳ ಹೆಸರು ಕೇಳಿದರು, ತಡವರಿಸದೆ ಹೇಳಿದೆ. ಅವರ ಕೆಮ್ಮಿಗೆ ಬಿಸಿನೀರಿನ ಹಬೆ ಕೊಡಲು ಹೇಳಿದರು. ಇಲ್ಲದ ಮಕ್ಕಳ ಕೆಮ್ಮಿಗೆ. ಒಂದು ಕ್ಷಣ ಹೇಗೋ ಆಯಿತು, ಆದರೆ ಆ ಹೊತ್ತಿಗೆ ಮೇಷ್ಟ್ರು ಕುರ್ಚಿಯ ಲೆಕ್ಕ ಕೇಳಿದರು.

"ಸೋರೋದು ನಿಂತಿದೆ. ಯಾರೋ ಬುದ್ಧಿ ಕಲಿತ್ರು," ಎಂದರು ಮೇಷ್ಟ್ರು. ಇವನು ಮೇಷ್ಟ್ರನ್ನೇ ಓರೆಗಣ್ಣಿನಲ್ಲಿ ನೋಡಿದ. ನಾನು ನೋಡಿಯೂ ಸುಮ್ಮನಿದ್ದೆ. ಇನ್ನು ಐದೇ ದಿನ ತಾನೆ.

ನವೆಂಬರ್ 18, ಮಂಗಳವಾರ

ಎರಡು ಊರು, ಎರಡೂ ನಮ್ಮವು. ನನಗೆ ನೆಗಡಿ. ಅತ್ತೆ ಫೋನಿನಲ್ಲೇ ಮೂಗಿನ ಸದ್ದು ಹಿಡಿದರು. "ಸ್ವೆಟರ್ ಮುಗೀತು. ನಾಳೆ ಎಲ್ಲಿರ್ತೀರಿ?" ನಕ್ಷೆ ತೆಗೆದು, ನಮ್ಮ ದಾರಿಗೆ ತೀರಾ ವಿರುದ್ಧ ದಿಕ್ಕಿನ ಒಂದು ಚಿಕ್ಕ ಊರಿನ ಮೇಲೆ ಬೆರಳಿಟ್ಟೆ. "ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ ಅತ್ತೆ, ನೀಲಿ ಬಾಗಿಲಿನ ಮನೆ, ಬೇಕರಿಯವಳದು. ನಾಳೆ ಇಡೀ ದಿನ ಅಲ್ಲೇ."

ನೀಲಿ ಬಾಗಿಲು ಒಳ್ಳೆಯದಿತ್ತು. ಕಣ್ಣಿಗೆ ಕಟ್ಟುವ ಹಾಗೆ.

ನವೆಂಬರ್ 20, ಗುರುವಾರ

ನಿನ್ನೆ ಮಧ್ಯಾಹ್ನ ಅರವತ್ತು ಕುರ್ಚಿಗಳ ನಡುವೆ ಇವನು ಮಾತಾಡುತ್ತಿದ್ದ. ಇವನ ಫೋನ್ ನನ್ನ ಕೈಯಲ್ಲಿತ್ತು. ಗೊತ್ತಿಲ್ಲದ ನಂಬರು. "ನಾನು ಬಸ್ ಸ್ಟ್ಯಾಂಡ್ ಹತ್ರ ಪಾತ್ರೆ ಅಂಗಡಿಯವನು. ಇಲ್ಲಿ ಒಬ್ಬರು ವಯಸ್ಸಾದ ಅಮ್ಮ ಬೆಳಿಗ್ಗೆಯಿಂದ ಕೂತಿದಾರೆ. ಫೋನ್ ಚಾರ್ಜ್ ಇಲ್ಲ. ಚೀಟೀಲಿ ಮಗನ ನಂಬರು ಇತ್ತು. ಇಲ್ಲದ ಮನೆ ಹುಡುಕ್ತಿದಾರೆ ಕಣ್ರೀ."

ಇವನಿಗೆ ಸಭೆ ಬಿಡುವ ಹಾಗಿರಲಿಲ್ಲ. "ಅಮ್ಮ ಬಂದಿದಾರಂತೆ, ಕರ್ಕೊಂಡು ಬರ್ತೀನಿ," ಎಂದು ಚೀಟಿ ಕಳಿಸಿ ಹಾರ್ನಣ್ಣನ ಬಳಿಗೆ ಓಡಿದೆ. ಊರಿನ ಹೆಸರು ಹೇಳಿದೆ. "ಆ ಕಡೆ ನಮ್ಮ ದಾರಿನೇ ಇಲ್ವಲ್ಲ," ಎಂದರು. ನನ್ನ ಮುಖ ನೋಡಿದರು. ಮತ್ತೇನೂ ಕೇಳದೆ ಹೊರಟರು. ಎರಡು ಗಂಟೆಯ ದಾರಿ. ಆ ಎರಡು ಗಂಟೆಯಲ್ಲಿ ಮೊದಲ ಸಲ ಅವರು ಹಾರ್ನ್ ಹೊಡೆದದ್ದು ಕೇಳಿದೆ, ನಾಲ್ಕು ಸಲ.

ಬಿಸಿಲು ಇಳಿಯುತ್ತಿತ್ತು. ಪಾತ್ರೆ ಅಂಗಡಿಯ ಮುಂದೆ, ರಸ್ತೆಗೆ ಮುಖ ಮಾಡಿ, ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಅತ್ತೆ. ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದ ಮೇಲೆ ಎರಡೂ ಕೈ. ನಾವು ಸಭೆಯನ್ನೇ ಇಡದ ಊರಿನಲ್ಲಿ ಯಾರೋ ಒಬ್ಬರು ತಂದ ಒಂದೇ ಒಂದು ಕುರ್ಚಿ.

ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಬರೆದವರು. ಬಂದವರ ಮುಖ ನೋಡಿಯೇ ಯಾರಿಗೆ ಕಾಯಿಲೆ, ಯಾರಿಗೆ ರಜೆ ಬೇಕು ಎಂದು ಹೇಳುತ್ತಿದ್ದರಂತೆ. ನನ್ನ ಮುಖ ನೋಡಿದರು.

"ಮೊದಲು ನಾನೇ ಊರು ಮರೆತೆ ಅನ್ಕೊಂಡೆ," ಎಂದರು. "ವಯಸ್ಸಾಯ್ತಲ್ಲ. ಆ ಬೀದೀಲಿ ಎರಡು ಸಲ ಓಡಾಡಿದೆ. ನೀಲಿ ಬಾಗಿಲು ಒಂದೂ ಇಲ್ಲ. ಆಮೇಲೆ ಒಂದು ಬೂದು ಕಾರು ಬಂತು. ಇಬ್ಬರು ಇಳಿದ್ರು. ಪಾತ್ರೆ ಅಂಗಡಿಯವರ ಹತ್ರ ಕೇಳಿದ್ರು, ಇಲ್ಲಿ ಬೇಕರಿಯವಳ ಮನೆ ಯಾವುದು, ನೀಲಿ ಬಾಗಿಲಿನದು."

ನಾನು ನಿಂತೇ ಇದ್ದೆ.

"ಆ ಬಾಗಿಲು ನಾನು ಅಳಿಯಂದ್ರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ನೀನು?"

"ನಿಮಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ ಅತ್ತೆ."

"ಹಂಗಾದ್ರೆ ಸರಿ ಹೋಯ್ತು," ಎಂದರು. "ಒಂದೇ ಕುರ್ಚೀಲಿ ಕೂತು ಎರಡೂ ಗೊತ್ತಾಯ್ತು." ಎದ್ದರು, ಮಂಡಿ ಹಿಡಿದುಕೊಂಡಿತ್ತು. ನಾನು ಕೈ ಕೊಟ್ಟೆ, ಅವರು ಹಾರ್ನಣ್ಣನ ಕೈ ಹಿಡಿದರು. ಪಾತ್ರೆ ಅಂಗಡಿಯವನ ಕುರ್ಚಿಯನ್ನು ತಾವೇ ಎತ್ತಿ ಒಳಗಿಟ್ಟು ಬಂದರು. ವ್ಯಾನಿನಲ್ಲಿ ಚೀಲ ತೆಗೆದು ನನ್ನ ತೊಡೆಯ ಮೇಲಿಟ್ಟರು. "ಹಾಕ್ಕೋ. ನೆಗಡಿಯಾದ್ರೂ ನಿಜ ತಾನೆ?"

ಹಳದಿ ಬಣ್ಣ. ತೋಳು ಸರಿಯಾಗಿ ಇಪ್ಪತ್ತೆರಡೂವರೆ ಇಂಚು.

ಸ್ವಲ್ಪ ದೂರ ಹೋದ ಮೇಲೆ, ಕಿಟಕಿ ನೋಡುತ್ತಲೇ ಕೇಳಿದರು: "ಆ ಅವಳಿ ಮಕ್ಕಳು?"

ತಲೆ ಅಲ್ಲಾಡಿಸಿದೆ.

"ನಾನು ಅವಕ್ಕೂ ಎರಡು ಟೋಪಿ ಹಾಕ್ತಿದ್ದೆ," ಎಂದರು.

ನವೆಂಬರ್ 21, ಶುಕ್ರವಾರ

ಎಲ್ಲರಿಗೂ ಹೇಳಿದೆ. "ನಿನ್ನ ಗಂಡನಿಗೆ ನೀನೇ ಹೇಳು, ನನ್ನ ಮಗಳಿಗೆ ನಾನು ಹೇಳ್ಕೋತೀನಿ," ಎಂದಿದ್ದರು ಅತ್ತೆ. ಇವನು ಕೂಗಾಡಲಿಲ್ಲ. "ನನಗೆ ಯಾಕೆ ಹೇಳ್ಲಿಲ್ಲ?" ಎಂದು ಒಂದೇ ಮಾತು ಕೇಳಿದ, ಆಮೇಲೆ ಮುಂದಿನ ಸೀಟಿಗೆ ಹೋಗಿ ಕೂತ. ಫೋನನ್ನೂ ತೆಗೆದುಕೊಂಡು ಹೋದ. ಮೊದಲೆಲ್ಲ ನನ್ನ ಹತ್ತಿರವೇ ಬಿಡುತ್ತಿದ್ದ.

ಮೇಷ್ಟ್ರು ಮಾತ್ರ ನಕ್ಕರು. "ನನ್ನ ಮೇಲೂ ಅನುಮಾನ ಇತ್ತಾ?"

"ಇತ್ತು ಮೇಷ್ಟ್ರೇ. ಪೋಸ್ಟ್‌ಕಾರ್ಡು..."

"ಅದು ನನ್ನ ಹೆಂಡತಿಗೆ. ಫೋನಲ್ಲಿ ಮಾತಾಡಿದ್ರೆ ಜಗಳ ಆಗತ್ತೆ. ಎಷ್ಟು ದಿನ ಇತ್ತು ಅನುಮಾನ?"

"ಎರಡು ದಿನ."

"ಅಷ್ಟೇನಾ. ನನಗೆ ನಿನ್ನ ಮೇಲೆ ಮೊದಲನೇ ದಿನದಿಂದ ಇತ್ತು. ಬಾತುಕೋಳಿ ಕಂಡ್ರೂ ಫೋನ್ ಮಾಡ್ತಿದ್ದೆ."

ಹಾರ್ನಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಟೀ ಕುಡೀತೀರಾ ಮೇಡಂ?" ಎಂದರು. ತಂಗಿ ಎನ್ನಲಿಲ್ಲ.

ಹತ್ತೊಂಬತ್ತು ಊರಾಯಿತು: ಮೊದಲು ಕಳೆದ ನಾಲ್ಕರ ಜೊತೆ ದೊಡ್ಡವರ ಬಿಗಿಹಿಡಿತದ ಐದೂ ಹೋದವು, ಹತ್ತು ನಮ್ಮವಾಗಿವೆ. ಇನ್ನು ಒಂದು ಊರು ಬೇಕು, ಉಳಿದಿರುವುದೂ ನಾಳೆಯ ಒಂದೇ ಊರು. ಆರು ಗಂಟೆಗೆ ಮೇಷ್ಟ್ರು ನಮ್ಮ ಮೂವರನ್ನು ವ್ಯಾನಿನ ಹಿಂದೆ ಕರೆದು ಯಾವ ಊರು, ಯಾರ ಮನೆ ಎಂದು ಹೇಳಿದರು. ಅತ್ತೆ ದೂರದ ಬೆಂಚಿನ ಮೇಲೆ ಕೂತು ಉಣ್ಣೆಯ ಉಂಡೆ ಸುತ್ತುತ್ತಿದ್ದರು. ಅವರನ್ನು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಆರೂವರೆಗೆ ಕೈ ತಾನಾಗಿ ಫೋನಿಗೆ ಹೋಯಿತು. ಆಮೇಲೆ ನೆನಪಾಗಿ, ಬೆಂಚಿಗೆ ಹೋಗಿ ಅವರ ಪಕ್ಕದಲ್ಲಿ ಕೂತೆ. ಹಳದಿ ಸ್ವೆಟರಿನ ತೋಳನ್ನು ಎಳೆದು ನೋಡಿದರು, ಸರಿಯಿದೆ ಎಂಬಂತೆ ತಲೆಯಾಡಿಸಿದರು.

"ನಾಳೆ ಎಲ್ಲಿ ಮಗಳೇ?" ಎಂದರು.

ಹೇಳಿದೆ. ನಿಜವಾದ ಊರನ್ನೇ ಹೇಳಿದೆ, ನಿಜವಾದ ಮನೆಯನ್ನೇ. ಆದರೆ ಹೇಳುವ ಮೊದಲು ಒಂದು ಉಸಿರಿನಷ್ಟು ತಡವಾಯಿತು. ನೆಗಡಿ ಇನ್ನೂ ಇದೆ, ಮೂಗು ಕಟ್ಟಿದೆ.

ಅತ್ತೆ ಉಂಡೆ ಸುತ್ತುವುದನ್ನು ನಿಲ್ಲಿಸಿದ್ದರು.

"ಬೇಡ ಬಿಡು," ಎಂದರು. "ಆ ಮನೆ ಇದೆಯೋ ಇಲ್ವೋ, ಹೋದ ಮೇಲೆ ಗೊತ್ತಾಗತ್ತಲ್ಲ."